ಬೇಡಪ್ಪನ ಹೂಂ

ಏಳು ವಾರದಿಂದ ಅವನು ಹೂಂ ಎನ್ನುವುದನ್ನು ಬಿಟ್ಟಿದ್ದ. ಮನೆಯಲ್ಲಿ ಇದನ್ನು ಪತ್ತೆ ಹಚ್ಚಿದ್ದು ತಂಗಿಯ ಐದು ವರ್ಷದ ಮಗಳು. ದೊಡ್ಡವರಿಗೆ ಇಂಥದ್ದೆಲ್ಲ ಎಲ್ಲಿ ಗೊತ್ತಾಗುತ್ತದೆ, ಅವರಿಗೆ ಏನೋ ಒಂದು ಉತ್ತರ ಬಂದರೆ ಸಾಕು. ಕಥೆ ಹೇಳುವವರಿಗೆ ಮಾತ್ರ ಹೂಂ ಬೇಕೇ ಬೇಕು. ಆ ಬೆಳಿಗ್ಗೆಯೂ ಅವನು ಬಾಗಿಲ ಬಳಿ ಕೂತು ಬೂಟಿನ ದಾರ ಕಟ್ಟುತ್ತಿದ್ದಾಗ ಮಗು ಬಂದು ಬೆನ್ನಿಗೆ ಒರಗಿ, ಒಂದು ಕಪ್ಪೆ ಇತ್ತಂತೆ, ಎಂದು ಶುರು ಮಾಡಿತು. ಸರಿ, ಎಂದ. ಕಪ್ಪೆಗೆ ಒಂದು ಛತ್ರಿ ಸಿಕ್ಕಿತಂತೆ. ಹೌದಾ, ಎಂದ. ಛತ್ರಿ ಬಿಚ್ಚಿದರೆ ಒಳಗೆ ಇನ್ನೊಂದು ಕಪ್ಪೆ ಮಲಗಿತ್ತಂತೆ. ಆಮೇಲೆ, ಎಂದ. ಮಗು ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ಅವನ ಕಿವಿಯ ಹತ್ತಿರ ಬಾಯಿ ತಂದು, "ಮಾಮ, ನೀನು ಹೂಂ ಅನ್ನು. ಹೂಂ ಅನ್ನದಿದ್ರೆ ಕಪ್ಪೆ ಮುಂದಕ್ಕೆ ಹೋಗಲ್ಲ," ಎಂದಿತು. ಅವನು ದಾರ ಬಿಗಿದ. ಬಿಗಿದದ್ದನ್ನು ಬಿಚ್ಚಿ ಮತ್ತೆ ಬಿಗಿದ. ಮೂಗಿನಲ್ಲಿ ಹುಟ್ಟಿ ಗಂಟಲಲ್ಲೇ ಮುಗಿದುಹೋಗುವ ಒಂದು ಸದ್ದು, ಅದಕ್ಕೆ ನಾಲಿಗೆಯ ಖರ್ಚೂ ಇಲ್ಲ, ಅದನ್ನು ಕೊಡಲಾಗದೆ ಅವನು ಮಗುವಿನ ಕೆನ್ನೆ ತಟ್ಟಿ ಎದ್ದು ನಿಂತ.

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ತಂಗಿ, ಜನರನ್ನು ಬುಟ್ಟಿಯಲ್ಲಿ ಹೊತ್ತು ಹಾರುವ ದೊಡ್ಡ ಬಲೂನಿನ ಬಟ್ಟೆ ಹೊಲಿಯುವವಳು. ಹರಿದ ಪಟ್ಟಿಗಳು ಕಂಪನಿಯಿಂದ ಮೂಟೆಯಲ್ಲಿ ಬರುತ್ತವೆ, ಎರಡೆರಡು ಹೊಲಿಗೆ ಬಿದ್ದು ಮೂಟೆಯಲ್ಲೇ ವಾಪಸು ಹೋಗುತ್ತವೆ. ಗಂಡ ಹಾರಿಸುತ್ತಿದ್ದ, ಅವಳು ಹೊಲಿಯುತ್ತಿದ್ದಳು, ಅಣ್ಣ ಗಾಳಿ ನೋಡುತ್ತಿದ್ದ. ಇಡೀ ಮನೆಯೇ ಗಾಳಿ ನಂಬಿಕೊಂಡು ಊಟ ಮಾಡುತ್ತೆ ಎಂದು ತಂಗಿಯ ಗಂಡ, ಇವನ ಭಾವ, ತಮಾಷೆ ಮಾಡುತ್ತಿದ್ದ. ಈಗ ಅವಳು ಬಾಗಿಲಿಗೆ ಬಂದು ನಿಂತಳು. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡಿದ್ದವಳು ಅವನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡಳು. ಇವತ್ತು ಅಪಘಾತದ ವಿಚಾರಣೆಯವರು ಬರುತ್ತಾರಂತಲ್ಲ, ಎಂದು ಕೇಳಿದಳು. ಹತ್ತು ಗಂಟೆಗೆ, ಎಂದ. "ಇದ್ದದ್ದನ್ನ ಇದ್ದ ಹಾಗೇ ಹೇಳ್ಬಿಡಣ್ಣ. ಸತ್ತೋರು ಅಂತ ಮುಲಾಜು ನೋಡ್ಬೇಡ. ನಿನ್ನ ಮಾತು ಮೀರಿ ಹೋದೋರು ಅವ್ರು. ನನ್ನ ಮುಖ, ಈ ಮಗೂ ಮುಖ, ಒಂದೂ ನೆನಪಾಗ್ಲಿಲ್ಲ ಅವ್ರಿಗೆ." ಅವಳ ದನಿಯಲ್ಲಿ ಅಳು ಇರಲಿಲ್ಲ. ಅದನ್ನೇ ಅವನಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಅವಳು ಈವರೆಗೆ ಒಂದು ಹನಿ ಅತ್ತಿರಲಿಲ್ಲ. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದಳು. ಮೂರನೆಯ ವಾರ ಗೋಡೆಯ ಮೇಲಿನ ಅವನ ಫೋಟೋ ಇಳಿಸಿ, ಬಟ್ಟೆಯ ಪೆಟ್ಟಿಗೆಯೊಳಗೆ ಮುಖ ಕೆಳಗೆ ಮಾಡಿ ಇಟ್ಟಿದ್ದಳು. ಈಗ ಅಲ್ಲಿ ಒಂದು ಮೊಳೆ, ಅದರ ಕೆಳಗೆ ಬಣ್ಣ ಮಾಸದ ಒಂದು ಚೌಕ. ಅಪ್ಪ ಎಲ್ಲಿ ಎಂದು ಮಗು ಕೇಳಿದಾಗ ಒಮ್ಮೆ, "ಅಪ್ಪಂಗೆ ನಾವು ಬೇಕಾಗಿರಲಿಲ್ಲ," ಎಂದುಬಿಟ್ಟಿದ್ದಳು. ಅವನು ಆಗ ಪಕ್ಕದಲ್ಲೇ ತಟ್ಟೆಯ ಮುಂದೆ ಕೂತಿದ್ದ. ಇನ್ನೊಂದು ತುತ್ತು ಕಲಸಿ ಉಂಡ, ನೀರು ಕುಡಿದ. ಅಷ್ಟೇ ಆಯಿತು.

ಬಲೂನು ಹಾರಿಸುವ ಮೈದಾನಕ್ಕೆ ಇಪ್ಪತ್ತು ನಿಮಿಷದ ದಾರಿ. ಬೀಗ ಹಾಕಿದ ಅಂಗಡಿಗಳು, ಹಾಲಿನ ಗಾಡಿ, ರಸ್ತೆ ತಿರುವಿನಲ್ಲಿ ಒಣಹಾಕಿದ ಹಾಸಿಗೆ ಹೊದಿಕೆ. ಅವನ ಕಣ್ಣಿಗೆ ಇವೆಲ್ಲ ಗಾಳಿಯೇ. ಹೊದಿಕೆಯ ಅಂಚು ಎದ್ದು ಬಿದ್ದರೆ ಇಷ್ಟು, ಮಲಗಿಯೇ ಇದ್ದರೆ ಇಷ್ಟು, ಹೊಗೆ ನೆಟ್ಟಗಿದ್ದರೆ ಇಷ್ಟು ಎಂದು ಮನಸ್ಸು ತಾನೇ ಲೆಕ್ಕ ಹಾಕಿಬಿಡುತ್ತದೆ. ಹದಿನಾಲ್ಕು ವರ್ಷದ ಅಭ್ಯಾಸ. ಅಷ್ಟು ವರ್ಷದಲ್ಲಿ ಅವನು ಹೆಚ್ಚು ಸಲ ಹೇಳಿದ ಮಾತು ಒಂದೇ, ಬೇಡ. ಅದಕ್ಕೇ ಬೇಡಪ್ಪ ಎಂಬ ಹೆಸರು. ಇಟ್ಟವನು ಬಲೂನಿನ ಹಿಂದೆ ಓಡುವ ಜೀಪಿನ ಡ್ರೈವರು, ಆದರೆ ಅದು ಎಷ್ಟು ಚೆನ್ನಾಗಿ ಅಂಟಿಕೊಂಡಿತೆಂದರೆ ಹಾಜರಿ ಪುಸ್ತಕ ಬಿಟ್ಟರೆ ಅವನ ನಿಜ ಹೆಸರು ಎಲ್ಲೂ ಉಳಿಯಲಿಲ್ಲ. ಬಲೂನು ಹಾರಿಸುವ ಕೆಲಸದಲ್ಲಿ ಬೇಡ ಅನ್ನುವವನು ಎಲ್ಲರಿಗೂ ಮುಳ್ಳು. ಜನ ಎಲ್ಲಿಂದಲೋ ಬಂದಿರುತ್ತಾರೆ, ಕತ್ತಲಿಗೇ ಎದ್ದು ಮಕ್ಕಳಿಗೆ ಸ್ವೆಟರು ತೊಡಿಸಿರುತ್ತಾರೆ, ಕೆಳಗೆ ಒಂದು ಎಲೆ ಅಲ್ಲಾಡುತ್ತಿರುವುದಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಸಣಕಲ ಮನುಷ್ಯ ಆಕಾಶ ನೋಡಿ ಬೇಡ ಅಂದುಬಿಡುತ್ತಾನೆ. ಕೆಳಗೆ ಎಲೆ ಅಲ್ಲಾಡದಿದ್ದರೆ ಏನಾಯಿತು, ಸಾವಿರ ಅಡಿ ಮೇಲೆ ಗಾಳಿ ಬೇರೆ ದಿಕ್ಕಿಗೆ ಓಡುತ್ತಿರಬಹುದು ಎಂದು ಅವನು ಹೇಳಿದರೆ ಯಾರು ಕೇಳಬೇಕು. ಭಾವ ಒಬ್ಬ ಕೇಳುತ್ತಿದ್ದ. ಪೈಲಟ್ ಆಗಿ ಸೇರಿದ ಹೊಸದರಲ್ಲಿ ಪಕ್ಕದಲ್ಲೇ ಕೂತು ಎಲ್ಲ ಕೇಳಿ ಕಲಿತವನು, ಆಮೇಲೆ ತಂಗಿಯನ್ನು ಮದುವೆಯಾದ. ಅವನು ಇವನನ್ನು ಭಾವ ಎನ್ನುತ್ತಿದ್ದ, ಇವನೂ ಅವನನ್ನು ಭಾವ ಎನ್ನುತ್ತಿದ್ದ. ವಾಕಿಟಾಕಿಯಲ್ಲಿ ಇಬ್ಬರೂ ಭಾವ ಭಾವ ಎಂದು ಕೂಗುವಾಗ ಡ್ರೈವರು, ಇವರಲ್ಲಿ ಯಾರು ಯಾರಿಗೆ ಭಾವ ಅಂತ ಆ ದೇವರೇ ಹೇಳಬೇಕು ಎಂದು ನಗುತ್ತಿದ್ದ.

ಅಪಘಾತದ ನಂತರ ಹಾರಾಟ ನಿಂತಿತ್ತು, ಆದರೆ ಗಾಳಿಯ ದಾಖಲೆ ನಿಲ್ಲಬಾರದೆಂದು ಹುಕುಂ. ಹಾಗಾಗಿ ಅವನು ದಿನವೂ ಬಂದು ಗ್ಯಾಸಿನ ಸಿಲಿಂಡರಿನಿಂದ ಒಂದು ಚಿಕ್ಕ ಕೆಂಪು ಬಲೂನು ತುಂಬಿಸುತ್ತಿದ್ದ. ತುಂಬುವುದಕ್ಕೂ ಒಂದು ಹದವಿದೆ. ಬಾಯಿಗೆ ಕಟ್ಟಿದ ಕಬ್ಬಿಣದ ನಟ್ಟನ್ನು ಅದು ಎತ್ತಲೂಬಾರದು, ನೆಲಕ್ಕೆ ಬಿಡಲೂಬಾರದು. ಆ ಹದಕ್ಕೆ ಬಂದಾಗ ನಟ್ಟು ಬಿಚ್ಚಿ ಬಿಟ್ಟರೆ ಬಲೂನು ಒಂದೇ ವೇಗದಲ್ಲಿ ಏರುತ್ತದೆ. ಕೈಯಲ್ಲಿ ಗಡಿಯಾರ, ಕಣ್ಣಿಗೆ ದುರ್ಬೀನು. ಮೊದಲನೆಯ ನಿಮಿಷ ಯಾವ ಕಡೆ, ಎರಡನೆಯ ನಿಮಿಷ ಯಾವ ಕಡೆ ಎಂದು ಬರೆದುಕೊಳ್ಳುತ್ತ ಹೋದರೆ ಆಕಾಶದ ಅಂತಸ್ತುಗಳು ಒಂದೊಂದಾಗಿ ಗೊತ್ತಾಗುತ್ತವೆ. ಇವತ್ತಿನ ಬಲೂನು ನೀರಿನ ಟ್ಯಾಂಕಿನ ಕಡೆ ಸಾವಧಾನವಾಗಿ ಹೋಯಿತು, ಎಂಟನೆಯ ನಿಮಿಷದವರೆಗೂ ಹಾಗೇ ಹೋಯಿತು. ಹಾರುವುದಕ್ಕೆ ಇದಕ್ಕಿಂತ ಒಳ್ಳೆಯ ಬೆಳಿಗ್ಗೆ ಇಲ್ಲ. ಅಪಘಾತದ ದಿನವೂ ಮೊದಲ ನಾಲ್ಕು ನಿಮಿಷ ಹೀಗೇ ಹೋಗಿತ್ತು. ಐದನೆಯ ನಿಮಿಷಕ್ಕೆ ಯಾರೋ ದಾರ ಹಿಡಿದು ಎಳೆದ ಹಾಗೆ ನಿಂತು, ತಿರುಗಿ, ಬಂದ ಕಡೆಗೇ ಓಡಿತು. ಎರಡು ಉಸಿರಿನಲ್ಲಿ ದುರ್ಬೀನಿನಿಂದ ಆಚೆ ಹೋಯಿತು. ಬಲು ದೂರದಲ್ಲಿ, ಭೂಮಿ ಮುಗಿಯುವಲ್ಲಿ, ಒಂದು ಮೋಡ ಕೂತಿತ್ತು. ಅದರ ಹೊಟ್ಟೆಯಲ್ಲಿ ಒಮ್ಮೆ ಬೆಳಕು ಅಲ್ಲಾಡಿತು. ಗುಡುಗು ಇಲ್ಲ, ಏನಿಲ್ಲ. ಅಷ್ಟು ದೂರದ ಮೋಡ ನಮಗೇನು ಮಾಡುತ್ತದೆ ಎಂದು ಹಿಂದೊಮ್ಮೆ ಭಾವ ಕೇಳಿದಾಗ ಇವನೇ ಒಂದು ಚೊಂಬು ನೀರನ್ನು ಶೆಡ್ಡಿನ ನೆಲಕ್ಕೆ ದಬದಬ ಸುರಿದು ತೋರಿಸಿದ್ದ. ನೀರು ಬಿದ್ದದ್ದು ಒಂದು ಕಡೆ, ಒದ್ದೆಯಾದದ್ದು ಇಬ್ಬರ ಕಾಲು. ಮೋಡದ ತಣ್ಣನೆ ಗಾಳಿಯೂ ಹೀಗೇ ಧುಮುಕಿ, ನೆಲ ಹಿಡಿದು ಓಡಿಬರುತ್ತೆ, ಮಳೆ ಅಲ್ಲೇ ಇರುತ್ತೆ, ಗಾಳಿ ಇಲ್ಲಿಗೆ ಬಂದಿರುತ್ತೆ ಎಂದಿದ್ದ. ಇದನ್ನು ಹೇಳಿಕೊಟ್ಟವನೇ ಆ ಮೋಡ ನೋಡುತ್ತ ನಿಂತಿದ್ದ.

ಅಲ್ಲಿ ಒಂದು ನಿಯಮವಿತ್ತು. ಶೆಡ್ಡಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದರು. ಗಾಳಿ ನೋಡುವವರು 'ಏರಲಿ' ಎಂದು ಸ್ಪಷ್ಟವಾಗಿ ಹೇಳದೆ ಯಾವ ಬಲೂನೂ ಏರತಕ್ಕದ್ದಲ್ಲ. ತಂಗಿಯ ಮದುವೆಯಾದ ಮೊದಲ ವರ್ಷವೂ ಅವನು ಹಾಗೆಯೇ, ನಾಟಕದ ರಾಜನ ಹಾಗೆ, ಏರಲಿ ಎನ್ನುತ್ತಿದ್ದ. ಆದರೆ ರಾತ್ರಿ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡ ಭಾವನಿಗೆ ಬೆಳಿಗ್ಗೆ ಏರಲಿ ಎಂದು ಅಪ್ಪಣೆ ಕೊಡುವುದು ಅವನಿಗೇ ನಗು ತರಿಸುತ್ತಿತ್ತು. ಏರಲಿ ಸವೆದು ಸವೆದು ಹೂಂ ಆಯಿತು. ಏರ್ಸೋಣ್ವಾ ಭಾವ? ಹೂಂ. ಆರು ವರ್ಷ ಹೀಗೇ ನಡೆಯಿತು. ವಾಕಿಟಾಕಿಯನ್ನು ಕಿವಿಗೆ ಒತ್ತಿಕೊಂಡವನಿಗೆ ಮಾತ್ರ ಕೇಳುವ ಸದ್ದು ಅದು, ಅವರಿಬ್ಬರಿಗಲ್ಲದೆ ಮೂರನೆಯವರಿಗೆ ಇದು ಗೊತ್ತಿರಲಿಲ್ಲ.

ಅವತ್ತಿಗೆ ಹಿಂದಿನ ಮೂರು ದಿನ ಅವನು ಬೇಡ ಅಂದಿದ್ದ. ಮೂರು ದಿನವೂ ಆಕಾಶ ತೊಳೆದ ತಟ್ಟೆಯ ಹಾಗಿತ್ತು. ಮೂರನೆಯ ದಿನ ಎಲ್ಲರೂ ಟೀ ಕುಡಿಯುತ್ತಿದ್ದಾಗ ಕಂಪನಿಯ ಮಾಲೀಕರು, ನಮ್ಮ ಬೇಡಪ್ಪನಿಗೆ ಯಾಕೆ ಮದುವೆ ಆಗಲಿಲ್ಲ ಗೊತ್ತಾ, ಹುಡುಗಿ ಕರೆದು ತೋರಿಸಿದರೂ ಆಕಾಶ ನೋಡಿ ಬೇಡ ಅಂದಿರ್ತಾನೆ, ಎಂದರು. ಶೆಡ್ಡು ಹಾರಿಹೋಗುವ ಹಾಗೆ ನಗು. ನಿಜ ಏನೆಂದರೆ ಬೇಡ ಅಂದದ್ದು ಹುಡುಗಿಯ ಕಡೆಯವರು, ಅದೂ ಎರಡು ಸಲ, ಎರಡು ಬೇರೆ ಮನೆಯವರು. ಇದು ಶೆಡ್ಡಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಒಬ್ಬನ ಕಡೆ ಇವನು ತಿರುಗಿ ನೋಡಿದ. ಭಾವನೂ ನಗುತ್ತಿದ್ದ. ಟೀ ಲೋಟ ಹಿಡಿದುಕೊಂಡು, ಕಣ್ಣು ಒರೆಸಿಕೊಂಡು, ಎಲ್ಲರ ಜೊತೆ ನಗುತ್ತಿದ್ದ. ಅದರಲ್ಲಿ ಕೆಡುಕೇನೂ ಇರಲಿಲ್ಲ, ಮಾಲೀಕರು ನಕ್ಕಾಗ ನಗುವ ನಗು ಅದು, ಇವನೂ ಎಷ್ಟೋ ಸಲ ನಕ್ಕದ್ದೇ. ಆದರೂ ರಾತ್ರಿಯಿಡೀ ಆ ನಗುವನ್ನೇ ಕೇಳುತ್ತ ಮಗ್ಗುಲು ಬದಲಿಸಿದ. ಮರುದಿನ ಬೆಳಿಗ್ಗೆ ದುರ್ಬೀನು ಕಣ್ಣಿಗೆ ಹಿಡಿದು ಆ ಮೋಡ ನೋಡುತ್ತಿದ್ದಾಗ ಸೊಂಟದ ವಾಕಿಟಾಕಿ ಕರಕರ ಎಂದಿತು. "ಭಾವ, ಕೆಳಗೆ ಎಲೆ ಅಲ್ಲಾಡ್ತಿಲ್ಲ. ಒಂಬತ್ತು ಜನ ಹತ್ತಿ ನಿಂತಿದ್ದಾರೆ. ಮಾಲೀಕರು ನನ್ನ ಮುಖಾನೇ ನೋಡ್ತಾ ಇದ್ದಾರೆ. ಏರ್ಸೋಣ್ವಾ?" ಬೇಡ ಎಂಬ ಮಾತು ಬಾಯಿಯವರೆಗೂ ಬಂದಿತ್ತು. ಅದರ ಹಿಂದೆಯೇ ಶೆಡ್ಡಿನ ನಗುವೂ ಬಂತು. ಅವನು ಹೂಂ ಎಂದ.

ಬಲೂನು ಏರಿ ಹತ್ತೊಂಬತ್ತು ನಿಮಿಷ. ಮೊದಲು ಶೆಡ್ಡಿನ ತಗಡು ಮಾತಾಡಿತು, ಆಮೇಲೆ ಧೂಳಿನ ಗೋಡೆಯೊಂದು ಮೈದಾನ ದಾಟಿತು. ಭಾವ ಬಲೂನನ್ನು ಕೊಯ್ಲಾದ ಒಂದು ಹೊಲಕ್ಕೆ ಇಳಿಸಿದನಂತೆ. ಇಳಿಸಿದ ಎಂದರೆ ಬುಟ್ಟಿ ನೆಲಕ್ಕೆ ಬಡಿಯಿತು, ಮಗುಚಿತು, ಮಗುಚಿದ್ದನ್ನು ಬಲೂನು ಎಳೆದುಕೊಂಡು ಓಡಿತು. ಮಂಡಿ ಮಡಚಿ, ಹೋಗುವ ದಿಕ್ಕಿಗೆ ಬೆನ್ನು ಮಾಡಿ, ಹಿಡಿ ಗಟ್ಟಿಯಾಗಿ ಹಿಡಿದುಕೊಳ್ಳಿ, ನಾನು ಹೇಳುವವರೆಗೆ ಯಾರೂ ಇಳಿಯಬೇಡಿ ಎಂದು ಅವನು ಹಾರುವ ಮೊದಲು ಎಲ್ಲರಿಗೂ ಎರಡೆರಡು ಸಲ ಅಭ್ಯಾಸ ಮಾಡಿಸುತ್ತಿದ್ದ. ಒಂಬತ್ತು ಜನರೂ ಹಾಗೇ ಕೂತರು, ಕೈ ಮುರಿಯಿತು, ಭುಜ ಮುರಿಯಿತು, ಬದುಕಿದರು. ಅವನೊಬ್ಬ ಕೂರಲಿಲ್ಲ. ಬಲೂನಿನ ನೆತ್ತಿ ತೆರೆದು ಗಾಳಿ ಬಿಡುವ ಕೆಂಪು ಹಗ್ಗ ಅವನ ಕೈಯಲ್ಲಿತ್ತು, ಅದನ್ನು ಬಿಟ್ಟರೆ ಬುಟ್ಟಿ ನಿಲ್ಲುತ್ತಿರಲಿಲ್ಲ. ಹೊಲದ ಅಂಚಿನ ಕಲ್ಲುಗೋಡೆಗೆ ಅವನಿದ್ದ ಬದಿ ಬಡಿಯಿತು. ಅದೇ ಮಧ್ಯಾಹ್ನ ಆಫೀಸಿನಲ್ಲಿ ಇವನ ಮುಂದೆ ಒಂದು ಹಾಳೆ ಇಟ್ಟರು. 'ನಾನು ಏರಲಿ ಎಂದು ಹೇಳಿರಲಿಲ್ಲ,' ಎಂದು ಬರೆದ. ಅಕ್ಷರ ಅಕ್ಷರವೂ ನಿಜ. ಹಿಂದೆ ನಿಂತು ಓದಿದ ಮಾಲೀಕರು ಹೆಗಲ ಮೇಲೆ ಕೈಯಿಟ್ಟು, ನೀನು ಬೇಡ ಅಂದಿರ್ತೀಯ ಅಂತ ನನಗೆ ಗೊತ್ತಿತ್ತಪ್ಪ, ಎಂದರು. ಅವನು ಹಾಳೆ ಮಡಚಿ ಕೊಟ್ಟ. ಸಂಜೆಯ ಹೊತ್ತಿಗೆ ಆ ಮಾತು ಮನೆ ಮುಟ್ಟಿತ್ತು, ತಂಗಿಯ ಕಿವಿಗೂ ಬಿದ್ದಿತ್ತು.

ವಿಚಾರಣೆಯವರು ಹತ್ತಕ್ಕೆ ಸರಿಯಾಗಿ ಬಂದರು. ನೆಗಡಿಯಾದ ಒಬ್ಬ ನಡುವಯಸ್ಸಿನ ಹೆಂಗಸು, ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಶೆಡ್ಡಿನ ಮೂಲೆಯಲ್ಲಿ ಹರಿದ ಬಲೂನು ವಿಚಾರಣೆಯ ಚೀಟಿ ಅಂಟಿಸಿಕೊಂಡು ರಾಶಿ ಬಿದ್ದಿತ್ತು. ಅದರ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ನಿಮ್ಮ ಹೇಳಿಕೆ ಓದಿದ್ದೇನೆ, ಒಂದೇ ಒಂದು ಕಡೆ ತೊಡಕಿದೆ, ಎಂದು ಮೂಗು ಒರೆಸಿಕೊಂಡು ಒಂದು ಹಾಳೆ ತೆಗೆದರು. ಭುಜ ಮುರಿದುಕೊಂಡ ಒಬ್ಬ ಮುದುಕಿ ಆಸ್ಪತ್ರೆಯಲ್ಲಿ ಹೇಳಿ ಬರೆಸಿದ್ದು. ದೂರದ ಮೋಡ ನೋಡಿ ನಮಗೆ ಸ್ವಲ್ಪ ಹೆದರಿಕೆಯಾಯಿತು, ಆಗ ಪೈಲಟ್ ಹೀಗೆ ಹೇಳಿದರು, ಎಂದು ಓದಿದರು. "'ಹೆದರ್ಕೋಬೇಡಿ ಅಮ್ಮ, ನಮ್ಮ ಬೇಡಪ್ಪನೇ ಹೂಂ ಅಂದಿದ್ದಾರೆ. ಊರೆಲ್ಲ ಹೋಗು ಅಂದ್ರೂ ಬೇಡ ಅನ್ನೋ ಮನುಷ್ಯ ಅವರು. ಅವರು ಹೂಂ ಅಂದ್ಮೇಲೆ ಕಣ್ಣು ಮುಚ್ಕೊಂಡು ಹೋಗ್ಬಹುದು.'" ಹಾಳೆ ಕೆಳಗಿಟ್ಟು, ಈ ಬೇಡಪ್ಪ ಯಾರು, ಎಂದು ಕೇಳಿದರು. ನಾನೇ, ಎಂದ. ಅವರ ತುಟಿಯ ಮೇಲೆ ಒಂದು ನಗು ಬಂದು, ಬರಬಾರದಿತ್ತೆಂದು ಹೋಯಿತು. ಅವನು ಬಲೂನಿನ ರಾಶಿಯನ್ನು ನೋಡುತ್ತಿದ್ದ. ಹರಿದ ಕಡೆಯಲ್ಲಿ ತಂಗಿಯ ಹೊಲಿಗೆ ಒಂದೂ ಬಿಟ್ಟಿರಲಿಲ್ಲ, ಅದರ ಪಕ್ಕದ ಬಟ್ಟೆ ಹರಿದಿತ್ತು. ಏಳು ವರ್ಷ ಒಂದೇ ಸೂರಿನಡಿ ಇದ್ದ ಭಾವ ತನ್ನ ಬಗ್ಗೆ ಇಷ್ಟು ಮೆಚ್ಚುಗೆಯ ಮಾತು ಆಡಿದ್ದನ್ನು ಅವನು ಕೇಳಿದ್ದು ಇದೇ ಮೊದಲು, ಅದೂ ನೆಗಡಿಯಾದ ಅಪರಿಚಿತರೊಬ್ಬರ ಬಾಯಲ್ಲಿ.

ಅಧಿಕಾರಿ ಕೆಟ್ಟವರಲ್ಲ. ಫೈಲು ಮುಗಿಯಬೇಕಿತ್ತು, ಅಷ್ಟೆ. ಅವರೇ ದಾರಿ ಮಾಡಿಕೊಟ್ಟರು. ನಿಯಮದ ಪ್ರಕಾರ ಏರಲಿ ಅನ್ನಬೇಕು, ನೀವು ಅಂದಿಲ್ಲ. ವಾಕಿಟಾಕಿಯಲ್ಲಿ ಯಾರಾದರೂ ಮಾತಾಡುತ್ತಿದ್ದರೆ ನಾವು ಹೂಂಗುಟ್ಟುತ್ತೇವೆ, ಕೇಳಿಸುತ್ತಿದೆ ಅಂತ ಅದರ ಅರ್ಥ, ಒಪ್ಪಿದೆ ಅಂತಲ್ಲ. ಪೈಲಟ್ ಅದನ್ನು ತಪ್ಪಾಗಿ ತಿಳಿದುಕೊಂಡು ಆತುರಪಟ್ಟರು. "ನೀವು ಬರೀ ಕೇಳಿಸ್ಕೊಂಡ್ರಿ, ಅಷ್ಟೆ. ಅಲ್ವಾ?" ಎಂದು ಪೆನ್ನು ಹಾಳೆಗೆ ತಾಗಿಸಿ ಕಾದರು. ಅವನಿಗೆ ದೊಡ್ಡ ಬಾಗಿಲೊಂದು ತೆರೆದಂತಾಯಿತು. ಏಳು ವಾರದಿಂದ ಅವನೇ ತನಗೆ ತಾನು ಹೇಳಿಕೊಂಡು ಬಂದದ್ದು ಇದನ್ನೇ. ಈಗ ಅದನ್ನು ಸರ್ಕಾರವೇ ಹೇಳುತ್ತಿತ್ತು. "ಹೂಂ," ಎಂದು ಯಾರೋ ಅಂದರು. ಅಂದವನು ತಾನೇ ಎಂದು ಗೊತ್ತಾಗುವುದಕ್ಕೆ ಒಂದು ಕ್ಷಣ ಹಿಡಿಯಿತು. ಅದೇ ಸದ್ದು, ಮೂಗಿನಲ್ಲಿ ಹುಟ್ಟಿ ಗಂಟಲಲ್ಲಿ ಮುಗಿದದ್ದು. ಪೆನ್ನು ಓಡತೊಡಗಿತು. ಪೈ ಬರೆದರು, ಲ ಬರೆದರು. ಅವತ್ತೂ ಹೀಗೇ ಆಗಿತ್ತು, ಹೂಂ ಬಾಯಿಂದ ಹೊರಟ ಮೇಲೆ ಬಲೂನಿಗೆ ಬಿಸಿಗಾಳಿ ಊದುವ ಬರ್ನರಿನ ಭರ್ರೆನ್ನುವ ಸದ್ದು ಕೇಳುವವರೆಗೆ ಪೂರಾ ಒಂದು ನಿಮಿಷ ಇತ್ತು, ವಾಕಿಟಾಕಿ ಕೈಯಲ್ಲೇ ಇತ್ತು. ಆ ಒಂದು ನಿಮಿಷ ಅವನು ಏನು ಮಾಡುತ್ತಿದ್ದ? ಈಗ ನೆನಪಾಯಿತು. ನೆನಪಾಯಿತು ಎನ್ನುವುದೂ ಸುಳ್ಳು, ಮರೆತೇ ಇರಲಿಲ್ಲ. ಹೋಗಲಿ, ನಗೋನು ಒಂದ್ಸಲ ಹೆದರಿಕೊಂಡು ಬರಲಿ, ಎಂದುಕೊಳ್ಳುತ್ತಿದ್ದ. ಸಾಯಲಿ ಎಂದಲ್ಲ. ದೇವರಾಣೆ ಹಾಗಲ್ಲ. ಬರೀ ಹೆದರಲಿ ಎಂದು.

"ಬೇಡ," ಎಂದ ಅವನು.

ಅವರು ತಲೆಯೆತ್ತಿದರು. "ಬೇಡ, ಹಾಗೆ ಬರೀಬೇಡಿ. ನಮ್ಮಿಬ್ಬರ ಮಧ್ಯೆ ಹೂಂ ಅಂದ್ರೆ ಏರಲಿ ಅಂತಾನೇ ಅರ್ಥ. ನಂಗೆ ಗೊತ್ತಿತ್ತು. ಮೋಡಾನೂ ನೋಡಿದ್ದೆ." ಆಮೇಲೆ ಚಿಕ್ಕ ಬಲೂನು ಐದನೆಯ ನಿಮಿಷಕ್ಕೆ ತಿರುಗಿದ್ದು, ಅದನ್ನು ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು, ಹಿಂದಿನ ದಿನದ ಟೀ, ನಗು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಇದನ್ನು ಬರೆದರೆ ಆಮೇಲೆ ಅಳಿಸೋಕಾಗಲ್ಲ, ಕೆಲಸವಂತೂ ಹೋಗುತ್ತೆ, ಅಲ್ಲಿಗೇ ನಿಲ್ಲುತ್ತೆ ಅಂತಲೂ ಹೇಳೋಕಾಗಲ್ಲ, ಎಂದು ಅವರು ನಿಧಾನವಾಗಿ ಹೇಳಿದರು. ಬರೀರಿ, ಎಂದ. ಅವರು ಪೈಲ ಎಂದು ಬರೆದದ್ದನ್ನು ಹೊಡೆದುಹಾಕಿ ಹೊಸ ಸಾಲು ಶುರು ಮಾಡಿದರು. ಸಹಿ ಹಾಕುವಾಗ ಹಾಜರಿ ಪುಸ್ತಕದಲ್ಲಿದ್ದ ಹೆಸರು ಬರೆದ. ಬೇರೆ ಯಾರದೋ ಹೆಸರಿನ ಹಾಗೆ ಕಂಡಿತು. ಹೊರಗೆ ಬಂದಾಗ ಮಾಲೀಕರು, ಆಯ್ತೇನಪ್ಪ, ಎಂದು ಕೇಳಿದರು. ಬೇಡ ಅಂತ ಹೇಳಿದೆ, ಎಂದ. ಮಾಲೀಕರು ಸಮಾಧಾನದಿಂದ ತಲೆಯಾಡಿಸಿದರು.

ಮನೆಗೆ ಬಂದಾಗ ಮಧ್ಯಾಹ್ನ. ತಂಗಿ ಯಂತ್ರದ ಮುಂದೆ ಇದ್ದಳು, ಮಗು ಚೂರುಪಾರು ಬಟ್ಟೆ ಹಾಸಿಕೊಂಡು ನಿದ್ದೆ ಹೋಗಿತ್ತು. ಅವನು ಬಾಗಿಲಲ್ಲೇ ಕೂತ, ಒಂದು ಬೂಟು ಬಿಚ್ಚಿದ, ಇನ್ನೊಂದರ ದಾರ ಹಿಡಿದುಕೊಂಡೇ ಹೇಳತೊಡಗಿದ. ಒಂದು ನಿಮಿಷ ಯಂತ್ರ ನಿಲ್ಲಿಸು ಎಂದು ಕೇಳುವ ಧೈರ್ಯ ಬರಲಿಲ್ಲ. ಯಂತ್ರದ ಸದ್ದಿನ ಮೇಲೆಯೇ ಹೇಳಿದ. "ಭಾವ ನನ್ನ ಮಾತು ಮೀರಲಿಲ್ಲ ಕಣೆ. ಅವರು ಕೇಳಿದ್ರು. ನಾನೇ ಹೂಂ ಅಂದೆ." ಮುದುಕಿಯ ಹಾಳೆಯಲ್ಲಿದ್ದದ್ದನ್ನು ಹೇಳಿದ. ಕೆಂಪು ಹಗ್ಗದ ಸಂಗತಿ ಅವಳಿಗೆ ಮೊದಲೇ ಗೊತ್ತಿತ್ತು. ನಗುವಿನ ಮಾತನ್ನು ಹೇಳುವುದೋ ಬಿಡುವುದೋ ಎಂದು ಒಂದು ಗಳಿಗೆ ತಡೆದು, ಅದನ್ನೂ ಹೇಳಿದ. ಆ ಒಂದು ನಿಮಿಷವನ್ನೂ ಹೇಳಿದ. ಹೊಲಿಗೆ ಪಟ್ಟಿಯ ಕೊನೆ ಮುಟ್ಟಿತು. ಅವಳು ದಾರ ಕತ್ತರಿಸಿದಳು. ಎದ್ದು ಹೋಗಿ ಪೆಟ್ಟಿಗೆ ತೆರೆದು, ಬಟ್ಟೆಗಳ ಕೆಳಗಿನಿಂದ ಫೋಟೋ ತೆಗೆದು, ಸೆರಗಿನಿಂದ ಗಾಜು ಒರೆಸಿದಳು. ಒರೆಸುತ್ತಲೇ ನಿಂತಳು, ಅವಳ ಬೆನ್ನು ಅದುರುತ್ತಿತ್ತು, ಏಳು ವಾರದಲ್ಲಿ ಮೊದಲ ಸಲ ಅವಳು ಅತ್ತಳು. ಆಮೇಲೆ ಅದನ್ನು ಅದೇ ಮೊಳೆಗೆ ನೇತುಹಾಕಿ, ಸೊಟ್ಟವಾದದ್ದನ್ನು ನೆಟ್ಟಗೆ ಮಾಡಿ, ಬಂದು ಯಂತ್ರದ ಮುಂದೆ ಕೂತಳು. ಇವನ ಕಡೆ ತಿರುಗಲಿಲ್ಲ.

ಅವನಿಗೆ ಕೇಳದೆ ಇರಲಾಗಲಿಲ್ಲ. "ನಾನು ಇಲ್ಲೇ ಇರ್ಲಾ?"

ಅವಳು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಸೂಜಿಯ ಕಣ್ಣಿನೊಳಗೆ ಏರಿಸಿದಳು.

"ಹೂಂ," ಎಂದಳು.

ಇರು ಎಂದೋ, ಕೇಳಿಸಿತು ಎಂದೋ. ಹದಿನಾಲ್ಕು ವರ್ಷ ಆಕಾಶ ಓದಿದವನು ಅವಳ ಬೆನ್ನನ್ನೇ ನೋಡುತ್ತ ಕೂತ. ಯಂತ್ರ ಮತ್ತೆ ಶುರುವಾಯಿತು. ಅವನ ಕೈ ಎರಡನೆಯ ಬೂಟಿನ ದಾರದ ಮೇಲೇ ಇತ್ತು, ಬಿಚ್ಚಲೂ ಇಲ್ಲ, ಕಟ್ಟಲೂ ಇಲ್ಲ.